ಗಾಡಿಮನೆಯ ಬಿಸಿನೀರಿನ ಹಂಡೆಗೆ ಚಳಿಗಾಲದ ಕಾವಲು

ನಮ್ಮಲ್ಲಿ ಚಳಿಗಾಲ ಬಂತೆಂದರೆ ಪೆಟ್ಟಿಗೆಯ ತಳದಲ್ಲಿದ್ದ ಕಂಬಳಿ ಹೊರಕ್ಕೆ ಬರುತ್ತದೆ. ಬಚ್ಚಲ ಒಲೆಗೆ ಒಂದೆರಡು ಸೌದೆ ಹೆಚ್ಚಾಗಿ ಬೀಳುತ್ತವೆ. ಅಲ್ಲಿಗೆ ನಮ್ಮ ಸಿದ್ಧತೆ ಮುಗಿಯಿತು. ಕೊಳಾಯಿಯೊಳಗಿರುವ ನೀರಿಗೆ ಚಳಿಯಾದೀತೇ ಎಂದು ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ, ಯೋಚಿಸಬೇಕಾದ ಕಾರಣವೂ ಇಲ್ಲ. ಅಮೆರಿಕದ ಉತ್ತರದ ಸೀಮೆಯಲ್ಲಿ ಮಾತ್ರ ಮನುಷ್ಯರಿಗಿಂತ ಮೊದಲು ನೀರಿನ ಯೋಗಕ್ಷೇಮವನ್ನು ವಿಚಾರಿಸಿಕೊಳ್ಳಬೇಕಾಗುತ್ತದೆ.

ನಮ್ಮ ಪಟ್ಟಣಗಳ ಅನೇಕ ಮನೆಗಳ ಮಕ್ಕಳು ಈಗ ಆ ಕಡೆ ನೆಲಸಿದ್ದಾರೆ. ಅವರನ್ನು ನೋಡಿಬರಲು ಹೋದ ಹಿರಿಯರು ಸಾಮಾನ್ಯವಾಗಿ ನಯಾಗರ ಜಲಪಾತದ ವರ್ಣನೆಯನ್ನು ಹೊತ್ತು ತರುತ್ತಾರೆ. ನಾನು ತಂದದ್ದು ಮೂರು ಪ್ಲಾಸ್ಟಿಕ್ ವಾಲ್ವುಗಳ ಕಥೆ. ಮಿನೆಸೋಟ ರಾಜ್ಯದಲ್ಲಿರುವ ನನ್ನ ಮಗಳ ಮನೆಯಲ್ಲಿ ಒಂದು ಅಕ್ಟೋಬರ್ ತಿಂಗಳ ಸಂಜೆಯನ್ನೆಲ್ಲ ಆ ವಾಲ್ವುಗಳನ್ನು ಹುಡುಕುವುದರಲ್ಲಿ ಕಳೆದೆವು. ಹುಡುಕದೆ ಬಿಟ್ಟಿದ್ದರಿಂದ ಹಿಂದಿನ ವರ್ಷ ಏನಾಗಿತ್ತೆಂಬುದನ್ನು ನೆನೆದರೆ ಆ ಸಂಜೆ ವ್ಯರ್ಥವಾಯಿತೆಂದು ನನಗೆ ಅನ್ನಿಸುವುದಿಲ್ಲ.

ಮೊದಲು ಗಾಡಿಮನೆ ಎಂದರೇನೆಂದು ಹೇಳಬೇಕು. ಟ್ರಾವೆಲ್ ಟ್ರೈಲರ್ ಎಂದು ಅಲ್ಲಿಯವರು ಕರೆಯುವ ಈ ವಾಹನಕ್ಕೆ ಎಂಜಿನ್ ಇಲ್ಲ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವುದು. ಒಳಗೆ ಮಂಚ, ಊಟದ ಮೇಜು, ಗ್ಯಾಸಿನ ಒಲೆ, ತೊಟ್ಟಿ, ಅನೇಕವುಗಳಲ್ಲಿ ಒಂದು ಪುಟ್ಟ ಸ್ನಾನದ ಕೋಣೆ. ವಾಲಿ ಬಯಮ್ ಎಂಬಾತನ ಏರ್‌ಸ್ಟ್ರೀಮ್ ಕಂಪನಿ 1936ರಲ್ಲಿ ಹೊರತಂದ ಕ್ಲಿಪ್ಪರ್ ಎಂಬ ಹೊಳೆಯುವ ಅಲ್ಯೂಮಿನಿಯಮ್ ಗಾಡಿ ಈ ವಂಶದಲ್ಲಿ ಬಹಳ ಹೆಸರಾದದ್ದು. ಇಂದು ಈ ಉದ್ಯಮದ ತವರು ಇಂಡಿಯಾನ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ ಇದೆ. ಮೊಟ್ಟೆಯಾಕಾರದ ಸಣ್ಣ ಗಾಡಿಗಳ ಹುಟ್ಟು ಇನ್ನೂ ವಿನೋದದ್ದು. ಕೆನಡದ ವಿನಿಪೆಗ್ ನಗರದ ರೇ ಒಲೆಕೊ ಎಂಬುವರು ಮನೆಗಳ ಮಲದ ಗುಂಡಿಗೆ ಗಾಜಿನ ನಾರಿನ ತೊಟ್ಟಿಯನ್ನು ರೂಪಿಸಿದವರು. ಅದೇ ಅನುಭವದಿಂದ 1968ರಲ್ಲಿ ಅದೇ ವಸ್ತುವಿನ 13 ಅಡಿಯ ಬೋಲರ್ ಎಂಬ ಗಾಡಿಮನೆಯನ್ನು ಮಾಡಿದರು. ಎಲ್ಲಿಂದ ಎಲ್ಲಿಗೆ ನೋಡಿ!

ನನ್ನ ಮಗಳ ಮನೆಯ ಗಾಡಿ 16 ಅಡಿಯದು, ಬೇರೆಯವರಿಂದ ಕೊಂಡದ್ದು. ಇಷ್ಟು ಸಣ್ಣ ಜಾಗದಲ್ಲಿ ಒಂದು ಸಂಸಾರದ ಅನುಕೂಲವನ್ನೆಲ್ಲ ತುಂಬಬೇಕಾದರೆ ಕಟ್ಟುವವರು ಒಂದರ ಬೆನ್ನಿಗೆ ಒಂದನ್ನು ಇಟ್ಟು, ಎಲ್ಲದರ ಮೇಲೆ ಹಲಗೆ ಬಡಿದು ಮುಚ್ಚುತ್ತಾರೆ. ಪ್ರದರ್ಶನದಲ್ಲಿ ನಿಂತಾಗ ಅದು ಕಣ್ಣಿಗೆ ಅಂದ. ಆದರೆ ವರ್ಷಕ್ಕೆರಡು ಸಲ ಕೈಯಿಂದ ತಿರುಗಿಸಲೇಬೇಕಾದ ವಾಲ್ವುಗಳೂ ಆ ಹಲಗೆಯ ಹಿಂದೆಯೇ ಉಳಿದುಬಿಡುತ್ತವೆ. ಕೊಳ್ಳುವವರು ಮಂಚದ ಮೆತ್ತೆಯನ್ನು ಒತ್ತಿ ನೋಡುತ್ತಾರೆಯೇ ಹೊರತು ಮಂಚದ ಕೆಳಗೆ ಬಗ್ಗಿ ನೋಡುವುದಿಲ್ಲ; ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು.

ಇನ್ನು ಚಳಿಯ ಮಾತು. ಮಿನೆಸೋಟದ ದೊಡ್ಡ ನಗರವಾದ ಮಿನಿಯಾಪೊಲಿಸ್‌ನಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣಮಾನವೇ ಸೊನ್ನೆಗಿಂತ ಎಂಟೊಂಬತ್ತು ಡಿಗ್ರಿ ಸೆಂಟಿಗ್ರೇಡು ಕೆಳಗಿರುತ್ತದೆ. ಅದೇ ರಾಜ್ಯದ ಟವರ್ ಎಂಬ ಊರಿನ ಹತ್ತಿರ 1996ರ ಫೆಬ್ರವರಿ 2ರಂದು ಸೊನ್ನೆಗಿಂತ 51 ಡಿಗ್ರಿ ಕೆಳಕ್ಕೆ ಇಳಿದಿತ್ತು. ಬೇಸಗೆಯಲ್ಲಿ ಸರೋವರಗಳ ದಡದಲ್ಲಿ ಸುತ್ತಾಡಿದ ಗಾಡಿಮನೆ ಈ ಚಳಿಯಲ್ಲಿ ಮನೆಯ ಪಕ್ಕದ ಅಂಗಳದಲ್ಲಿ, ಒಳಗೆ ಯಾವ ಬಿಸಿಯೂ ಇಲ್ಲದೆ, ಐದಾರು ತಿಂಗಳು ನಿಂತಿರುತ್ತದೆ.

ನೀರಿನ ಸ್ವಭಾವ ವಿಚಿತ್ರವಾದದ್ದು. ಬಹುಮಟ್ಟಿಗೆ ಎಲ್ಲ ವಸ್ತುಗಳೂ ತಣ್ಣಗಾದಷ್ಟೂ ಕುಗ್ಗುತ್ತವೆ. ನೀರೂ 4 ಡಿಗ್ರಿಯವರೆಗೆ ಹಾಗೆಯೇ ಕುಗ್ಗಿ, ಅಲ್ಲಿಂದ ಮುಂದೆ ಹಿಗ್ಗತೊಡಗುತ್ತದೆ; ಮಂಜುಗಡ್ಡೆಯಾಗುವಾಗಂತೂ ಅದರ ಗಾತ್ರ ನೂರಕ್ಕೆ ಒಂಬತ್ತು ಪಾಲಿನಷ್ಟು ಹೆಚ್ಚುತ್ತದೆ. ತೆರೆದ ಪಾತ್ರೆಯಲ್ಲಾದರೆ ಮೇಲಕ್ಕೆ ಉಬ್ಬಿಕೊಂಡು ಸುಮ್ಮನಾಗುತ್ತದೆ. ಮುಚ್ಚಿದ ಕೊಳವೆಯಲ್ಲಿ ಮೇಲಕ್ಕೆ ಹೋಗಲು ದಾರಿ ಇಲ್ಲ. ಕೊಳವೆಯ ನಡುವೆ ಮಂಜುಗಡ್ಡೆ ಬೆಳೆಯುತ್ತ ಹೋದಂತೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರುತ್ತ ಏರುತ್ತ ಎಲ್ಲಿ ಬಲ ಕಡಿಮೆಯೋ ಅಲ್ಲಿ ಒಡೆದುಕೊಳ್ಳುತ್ತದೆ. ಈಗಿನ ಗಾಡಿಗಳಲ್ಲಿ ಉಪಯೋಗಿಸುವ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಕೊಳವೆ ಸ್ವಲ್ಪ ಹಿಗ್ಗಿ ಸಹಿಸಿಕೊಳ್ಳಬಹುದು. ಅದರ ಮೊಣಕೈ ತುಂಡುಗಳು, ನಲ್ಲಿಯ ಒಳಭಾಗ, ಪಂಪಿನ ತಲೆ, ವಾಲ್ವುಗಳು ಇವು ಸಹಿಸುವುದಿಲ್ಲ. ಕೂದಲೆಳೆಯಂತಹ ಬಿರುಕು ಬಿಟ್ಟು, ಮಂಜು ಕರಗುವವರೆಗೆ ಏನೂ ಆಗಿಲ್ಲವೆಂಬಂತೆ ಇರುತ್ತವೆ.

ಆದ್ದರಿಂದ ಚಳಿಗೆ ಮುನ್ನ ಗಾಡಿಯ ನೀರನ್ನೆಲ್ಲ ಬಸಿದು, ಕೊಳವೆಗಳಲ್ಲಿ ಆಂಟಿಫ್ರೀಜ್ ಎಂಬ ಗುಲಾಬಿ ಬಣ್ಣದ ದ್ರವವನ್ನು ಓಡಿಸುವುದು ಪದ್ಧತಿ. ಇದರ ಮೂಲವಸ್ತು ಪ್ರೊಪಿಲೀನ್ ಗ್ಲೈಕಾಲ್. ಕುಡಿಯುವ ನೀರಿನ ಕೊಳವೆಯಲ್ಲಿ ಬಳಸಲು ತಕ್ಕದ್ದು. ಕಾರಿನ ಎಂಜಿನ್ನಿಗೆ ಹಾಕುವ ಆಂಟಿಫ್ರೀಜ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲಿನದು, ವಿಷ. ಅದನ್ನು ಇಲ್ಲಿ ಎಂದಿಗೂ ಹಾಕಕೂಡದು. ಡಬ್ಬಿಯ ಮೇಲೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸೊನ್ನೆಗಿಂತ 50 ಕೆಳಗೆ ಎಂದು ಬರೆದಿದ್ದರೆ, ಅಲ್ಲಿಯವರೆಗೆ ಅದು ನೀರಿನಂತೆ ತೆಳ್ಳಗೆ ಇರುತ್ತದೆಂದು ಭಾವಿಸಬಾರದು. ಅದಕ್ಕೂ ಬಹಳ ಮೊದಲೇ ಅದು ಅರೆದ ಮಂಜಿನಂತೆ ಗಟ್ಟಿಯಾಗತೊಡಗುತ್ತದೆ. ಕೊಳವೆಯನ್ನು ಒಡೆಯುವುದಿಲ್ಲ ಎಂಬುದಷ್ಟೇ ಆ ಅಂಕಿಯ ಅರ್ಥ. ಅದಕ್ಕೆ ನೀರು ಬೆರೆತರೆ ಆ ಶಕ್ತಿಯೂ ತಗ್ಗುತ್ತದೆ.

ಬಿಸಿನೀರಿನ ಹಂಡೆಯ ಪ್ರಶ್ನೆ ಬರುವುದು ಇಲ್ಲಿ. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು 6 ಗ್ಯಾಲನ್ನಿನ, ಎಂದರೆ ಸುಮಾರು 23 ಲೀಟರಿನ ಹಂಡೆ. ನಮ್ಮ ಬಚ್ಚಲ ತಾಮ್ರದ ಹಂಡೆಗೆ ಬಾಯಿ ಇದೆ. ಚೆಂಬಿನಿಂದ ಮೊಗೆಯಬಹುದು, ಬೋರಲು ಹಾಕಬಹುದು. ಈ ಹಂಡೆ ಎಲ್ಲ ಕಡೆಯೂ ಮುಚ್ಚಿದ್ದು. ಹಿಂದುಗಡೆ ಕೆಳಗಿನಿಂದ ತಣ್ಣೀರು ಒಳಕ್ಕೆ ಹೋಗುತ್ತದೆ, ಮೇಲಿನಿಂದ ಬಿಸಿನೀರು ಹೊರಕ್ಕೆ ಬರುತ್ತದೆ. ಮುಂಭಾಗದಲ್ಲಿ ಗ್ಯಾಸಿನ ಉರಿ. ಕೆಲವಕ್ಕೆ ವಿದ್ಯುತ್ ಸುರುಳಿಯೂ ಉಂಟು. ಗಾಡಿಯ ಹೊರಗೋಡೆಯಲ್ಲಿ ಒಂದಡಿ ಚೌಕದ, ಸೀಳುಗಳುಳ್ಳ ಬಾಗಿಲೊಂದು ಕಾಣುತ್ತದಲ್ಲ, ಅದೇ ಹಂಡೆಯ ಮುಖ. ಕೆಳಗಡೆ ಇರುವ ಬಿರಡೆಯನ್ನು ಅಲ್ಲಿಂದ ಬಿಚ್ಚಿ ನೀರನ್ನು ನೆಲಕ್ಕೆ ಬಿಡಬಹುದು.

ಈ ಹಂಡೆಯನ್ನೂ ಗುಲಾಬಿ ದ್ರವದಿಂದ ತುಂಬಬೇಕಾದರೆ 6 ಗ್ಯಾಲನ್ ಹೆಚ್ಚಾಗಿ ಬೇಕು. ಬರಿಯ ಕೊಳವೆಗಳಿಗಾದರೆ ಇಂತಹ ಗಾಡಿಗೆ ಎರಡು ಮೂರು ಗ್ಯಾಲನ್ ಸಾಕು. ಖರ್ಚಿನ ಮಾತು ಹಾಗಿರಲಿ, ಹಂಡೆಯೊಳಗೆ ಹೋದ ಆ ದ್ರವದ ರುಚಿಯನ್ನು ವಸಂತದಲ್ಲಿ ತೊಳೆದು ಕಳೆಯುವುದೇ ಒಂದು ದೊಡ್ಡ ಕೆಲಸ. ಹಂಡೆಗೆ ಅದರ ಆವಶ್ಯಕತೆಯೂ ಇಲ್ಲ. ಬಿರಡೆ ಬಿಚ್ಚಿ ಬಸಿದ ಮೇಲೆ ತಳದಲ್ಲಿ ಸ್ವಲ್ಪ ನೀರು ಉಳಿದರೂ ಅದಕ್ಕೆ ಹಿಗ್ಗಲು ಮೇಲೆ ಬೇಕಾದಷ್ಟು ಜಾಗವಿದೆ. ಆದ್ದರಿಂದ ದ್ರವ ಹಂಡೆಯನ್ನು ಹೊಗದೆ ತಣ್ಣೀರಿನ ಕೊಳವೆಯಿಂದ ನೇರವಾಗಿ ಬಿಸಿನೀರಿನ ಕೊಳವೆಗೆ ದಾಟುವಂತೆ ಅಡ್ಡದಾರಿಯೊಂದನ್ನು ಇಡುತ್ತಾರೆ. ಊರೊಳಗೆ ನುಗ್ಗದೆ ಲಾರಿಗಳು ಹೊರಗಿನಿಂದಲೇ ಹೋಗಲಿ ಎಂದು ನಾವು ಬೈಪಾಸ್ ರಸ್ತೆ ಮಾಡುತ್ತೇವಲ್ಲ, ಇದೂ ಅದೇ. ಹೆಸರೂ ಬೈಪಾಸ್ ಎಂದೇ. ದಾರಿಯನ್ನು ತಿರುಗಿಸುವ ಕೆಲಸ ವಾಲ್ವುಗಳದು.

ಹಿಂದಿನ ವರ್ಷದ ಅವಾಂತರ ಈ ವಾಲ್ವುಗಳಿಂದಲೇ ಆದದ್ದು. ಗಾಡಿಯನ್ನು ಮಾರಿದವರು, ವಾಲ್ವುಗಳು ಹಿಂದೆ ಎಲ್ಲೋ ಇವೆ ಎಂದಷ್ಟೇ ಹೇಳಿದ್ದರು. ನನ್ನ ಅಳಿಯ ಹೊರಗಿನಿಂದ ಬಿರಡೆ ಬಿಚ್ಚಿ ಹಂಡೆಯನ್ನು ಬಸಿದ, ಬಿರಡೆಯನ್ನು ಮತ್ತೆ ಬಿಗಿದ, ಒಳಗೆ ಅಲ್ಲಿ ಇಲ್ಲಿ ಇಣುಕಿ ನೋಡಿ ವಾಲ್ವು ಕಾಣದೆ, ಇರಲಿ ಎಂದು ಎರಡು ಗ್ಯಾಲನ್ ದ್ರವವನ್ನು ಪಂಪು ಮಾಡಿದ. ತಣ್ಣೀರಿನ ನಲ್ಲಿಯಲ್ಲಿ ಗುಲಾಬಿ ಬಣ್ಣ ಬಂತು. ಬಿಸಿನೀರಿನ ನಲ್ಲಿ ತೆರೆದರೆ ಗಾಳಿ ಮಾತ್ರ ಬುಸುಗುಟ್ಟಿತು. ಹಾಗಾದರೆ ಆ ಕೊಳವೆ ಖಾಲಿಯಾಗಿದೆ, ಇನ್ನೂ ಒಳ್ಳೆಯದೇ ಆಯಿತು ಎಂದು ಬಾಗಿಲು ಹಾಕಿಕೊಂಡು ಬಂದ. ನಡೆದದ್ದೇನೆಂದರೆ, ದ್ರವ ಖಾಲಿ ಹಂಡೆಯೊಳಕ್ಕೆ ಹೋಗಿ ಅಲ್ಲಿದ್ದ ಗಾಳಿಯನ್ನು ಹೊರಕ್ಕೆ ತಳ್ಳುತ್ತಿತ್ತು. ಎರಡು ಗ್ಯಾಲನ್ನಿಗೆ ಹಂಡೆಯ ಅರ್ಧವೂ ತುಂಬಲಿಲ್ಲ. ಬಿಸಿನೀರಿನ ಕೊಳವೆಯ ತಗ್ಗುಗಳಲ್ಲಿ ಬೇಸಗೆಯ ನೀರು ಹಾಗೆಯೇ ನಿಂತಿತ್ತು. ಮೇ ತಿಂಗಳಲ್ಲಿ ನೀರು ಬಿಟ್ಟರೆ, ಸ್ನಾನದ ಕೋಣೆಯ ಗೋಡೆಯ ಹಿಂದಿನ ಒಂದು ಮೊಣಕೈ ತುಂಡಿನಿಂದ ತೊಟ್ಟು ತೊಟ್ಟಾಗಿ ಸೋರಿ ಮಂಚದ ಕೆಳಗಿನ ಪ್ಲೈವುಡ್ ನೆಲ ನೆನೆಯಿತು. ಅದು ಗೊತ್ತಾಗುವ ವೇಳೆಗೆ ಮೂರು ವಾರ ಕಳೆದಿತ್ತು. ಹೆಬ್ಬೆರಳಿಟ್ಟು ಒತ್ತಿದರೆ ನೆಲ ತಗ್ಗುತ್ತಿತ್ತು. ಅಂಗೈಯಗಲದ ಒಂದು ತುಂಡಿನಿಂದ ಆ ಬೇಸಗೆಯ ಪ್ರಯಾಣವೂ ಹೋಯಿತು, ನೆಲಹಾಸೂ ಹೋಯಿತು.

ಆದ್ದರಿಂದ ನಾನು ಅಲ್ಲಿದ್ದ ಅಕ್ಟೋಬರಿನಲ್ಲಿ ಹವಾಮಾನದ ರೇಡಿಯೋ ಆ ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಾದೀತೆಂದು ಎಚ್ಚರಿಕೆ ಕೊಟ್ಟಾಗ ಮನೆಯಲ್ಲಿ ಸ್ವಲ್ಪ ಗಾಬರಿಯೇ ಆಯಿತು. ಅಮೆರಿಕದಲ್ಲಿ ಹವಾಮಾನಕ್ಕೆಂದೇ ಹಗಲು ರಾತ್ರಿ ಮಾತನಾಡುವ ಸರಕಾರದ ರೇಡಿಯೋ ಜಾಲವಿದೆ. ಅದರ ಸಣ್ಣ ಪೆಟ್ಟಿಗೆ ಅನೇಕರ ಅಡಿಗೆಮನೆಯಲ್ಲಿರುತ್ತದೆ. ನಮ್ಮ ಪ್ರದೇಶ ಸಮಾಚಾರದಷ್ಟು ರಸವತ್ತಾಗಿರುವುದಿಲ್ಲ, ಆದರೆ ಇಂತಹ ದಿನ ಅದರ ಮಾತಿಗೆ ಬೆಲೆಯುಂಟು.

ವಾಲ್ವು ಹುಡುಕುವುದಕ್ಕೆ ಮೊದಲು ಮಾಡಬೇಕಾದ್ದನ್ನು ಹೇಳುತ್ತೇನೆ. ಹಂಡೆಯ ಗ್ಯಾಸನ್ನೂ ವಿದ್ಯುತ್ತನ್ನೂ ನಿಲ್ಲಿಸಿ ಹಲವು ಗಂಟೆ ತಣ್ಣಗಾಗಲು ಬಿಡಬೇಕು. ಒಳಗಿನ ನೀರು 54ರಿಂದ 60 ಡಿಗ್ರಿ ಬಿಸಿಯಾಗಿರುವುದಲ್ಲದೆ ಒತ್ತಡದಲ್ಲಿಯೂ ಇರುತ್ತದೆ. ಆಗ ಬಿರಡೆ ಬಿಚ್ಚಿದರೆ ಕೈ ಮುಖ ಸುಟ್ಟುಕೊಳ್ಳುವುದು ಖಂಡಿತ. ನೀರಿನ ಪಂಪನ್ನು ನಿಲ್ಲಿಸಿ, ಹೊರಗಿನ ನೀರಿನ ಸಂಪರ್ಕವನ್ನು ತೆಗೆದು, ಒಂದು ಬಿಸಿನೀರಿನ ನಲ್ಲಿ ತೆರೆದು ಒತ್ತಡವನ್ನು ಇಳಿಸಬೇಕು. ಹಲಗೆಯ ಹಿಂದೆ ಕೈ ಹಾಕುವ ಮುನ್ನ ಗಾಡಿಯ ವಿದ್ಯುತ್ ತಂತಿಯನ್ನು ಕಿತ್ತು, ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸುವುದು ಲೇಸು. ಅಲ್ಲಿ ತಂತಿಗಳೂ ಇರುತ್ತವೆ, ಗ್ಯಾಸಿನ ಕೊಳವೆಯೂ ಇರಬಹುದು; ಅದನ್ನು ಹಿಡಿದು ಜಗ್ಗಬಾರದು. ಹೊರಗಿನಿಂದ ಬಡಿದ ತಿರುಪುಗಳ ಮೊನೆಗಳು ಒಳಕ್ಕೆ ಚಾಚಿಕೊಂಡಿರುತ್ತವೆ. ದಪ್ಪ ಕೈಚೀಲ ಹಾಕಿಕೊಂಡರೆ ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ, ಹಾಕಿಕೊಳ್ಳದಿದ್ದರೆ ಗೀರು ತಪ್ಪುವುದಿಲ್ಲ. ತೆಳುವಾದ ತೊಗಲಿನದು ಉತ್ತಮ.

ವಾಲ್ವು ಎಲ್ಲಿದೆಯೆಂದು ಕಂಡುಹಿಡಿಯುವ ದಾರಿ ಹೊರಗಿನಿಂದ ಆರಂಭವಾಗುತ್ತದೆ. ಹೊರಗೋಡೆಯ ಹಂಡೆಬಾಗಿಲಿನಿಂದ ಹತ್ತಿರದ ಕಿಟಕಿಯ ಅಂಚಿಗೋ ಚಕ್ರದ ಗೂಡಿಗೋ ಎಷ್ಟು ಅಂಗುಲವೆಂದು ಅಳೆಯಬೇಕು. ಒಳಗೆ ಬಂದು ಅದೇ ಗುರುತಿನಿಂದ ಅಷ್ಟೇ ಅಳೆದರೆ ಹಂಡೆ ಯಾವ ಪೆಟ್ಟಿಗೆಯ ಹಿಂದೆ ಕುಳಿತಿದೆಯೆಂಬುದು ತಿಳಿಯುತ್ತದೆ. ಗೋಡೆಯಿಂದ ಒಳಕ್ಕೆ ಸುಮಾರು ಒಂದೂವರೆ ಅಡಿಯಷ್ಟು ಹಂಡೆಯೇ ತುಂಬಿರುತ್ತದೆ. ಕೊಳವೆಗಳೂ ವಾಲ್ವುಗಳೂ ಅದರ ಬೆನ್ನಿಗೆ. ಸಾಮಾನ್ಯವಾಗಿ ಅದು ಮಂಚದ ಕೆಳಗೆ, ಊಟದ ಮೇಜಿನ ಆಸನದ ಕೆಳಗೆ, ಇಲ್ಲವೆ ಅಡಿಗೆಯ ತೊಟ್ಟಿಯ ಕೆಳಗಿನ ಗೂಡಿನ ಹಿಂದೆ. ತಣ್ಣೀರಿಗೆ ನೀಲಿ, ಬಿಸಿನೀರಿಗೆ ಕೆಂಪು ಕೊಳವೆ ಹಾಕಿದ್ದರೆ ಅವುಗಳ ಜಾಡು ಹಿಡಿದು ಹೋಗುವುದೂ ಸುಲಭ.

ನಮ್ಮ ಅಳತೆ ಮಂಚದ ಕೆಳಗಿನ ಸೆಳೆಖಾನೆಗೆ ಬಂದು ನಿಂತಿತು. ಸೆಳೆಖಾನೆಯನ್ನು ಎಳೆದರೆ ಪೂರ್ತಿ ಹೊರಬರಲಿಲ್ಲ. ಅದರ ಎರಡು ಬದಿಯ ಹಳಿಗಳಲ್ಲಿ ಒಂದೊಂದು ಪ್ಲಾಸ್ಟಿಕ್ ನಾಲಗೆ ಇರುತ್ತದೆ. ಒಂದೇ ತರದ ಹಳಿಯನ್ನು ಎರಡೂ ಕಡೆಗೆ ಹಾಕಿರುವುದರಿಂದ ಒಂದು ನಾಲಗೆಯನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಒಟ್ಟಿಗೆ ಒತ್ತಿದರೆ ಮಾತ್ರ ಬಿಡುತ್ತದೆ. ಎರಡನ್ನೂ ಒಂದೇ ಕಡೆಗೆ ಒತ್ತಿ ಜಗ್ಗಾಡಿ ನಾವು ಅರ್ಧ ಗಂಟೆ ಕಳೆದೆವು.

ಸೆಳೆಖಾನೆ ಬಂದ ಮೇಲೆ ಅದರ ಹಿಂದೆ ತೆಳು ಹಲಗೆ, ನಾಲ್ಕು ಮೂಲೆಗೆ ನಾಲ್ಕು ತಿರುಪು. ತಿರುಪಿನ ತಲೆಯಲ್ಲಿ ನಮ್ಮ ಗೀಟೂ ಇಲ್ಲ, ಕೂಡುಗುರುತೂ ಇಲ್ಲ. ಒಂದು ಚೌಕದ ಗುಳಿ. ಈ ಚೌಕ ತಿರುಪನ್ನು ಕೆನಡದ ಪಿ. ಎಲ್. ರಾಬರ್ಟ್‌ಸನ್ 1908ರಲ್ಲಿ ಬಳಕೆಗೆ ತಂದವರು. ಗಾಡಿಮನೆ ಕಟ್ಟುವವರಿಗೆ ಅದು ಬಹಳ ಪ್ರಿಯ, ಏಕೆಂದರೆ ತಿರುಪುಳಿಯ ತುದಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಜಾರುವುದಿಲ್ಲ. ಆ ಆಕಾರದ ತಿರುಪುಳಿ ಇಲ್ಲದೆ ಬೇರೆ ಏನನ್ನಾದರೂ ತುರುಕಿ ತಿರುಗಿಸಿದರೆ ಗುಳಿ ಸವೆದುಹೋಗುತ್ತದೆ. ಮತ್ತೆ ಯಾವುದಕ್ಕೂ ಬಗ್ಗುವುದಿಲ್ಲ. ಗಾಡಿ ಇರುವವರು ಅದೊಂದನ್ನು ಸೆಳೆಖಾನೆಯಲ್ಲೇ ಇಟ್ಟುಕೊಂಡಿರುವುದು ವಾಸಿ.

ಹಲಗೆ ತೆಗೆದರೆ ಹಂಡೆಯ ಬೆನ್ನು ಕಂಡಿತು, ವಾಲ್ವುಗಳು ಕಾಣಲಿಲ್ಲ! ಅಳಿಯ ಮೊಬೈಲ್ ಫೋನನ್ನು ಹಿಡಿದ ಕೈಯನ್ನು ಸಂದಿಯಲ್ಲಿ ಚಾಚಿ, ಅಂದಾಜಿನ ಮೇಲೆ ನಾಲ್ಕೈದು ಚಿತ್ರ ತೆಗೆದ. ಆ ಚಿತ್ರಗಳಲ್ಲಿ ಮೂರೂ ಕಾಣಿಸಿದವು. ಹಿಡಿಕೆಗಳು ಗೋಡೆಯ ಕಡೆಗೆ ಮುಖಮಾಡಿದ್ದವು. ಅವನ ತೋಳು ಮೊಣಕೈಯಲ್ಲಿ ಸಿಕ್ಕಿಕೊಂಡಿತು; ನನ್ನ ಮಾತು ಬೇಡವೇ ಬೇಡ. ಕಡೆಗೆ ನನ್ನ ಮಗಳು ನೆಲದ ಮೇಲೆ ಅಡ್ಡ ಮಲಗಿ ಕೈ ತೂರಿಸಿ ಮುಟ್ಟಿದಳು.

ಈ ಮೂರು ವಾಲ್ವುಗಳ ಜೋಡಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲು ಅಡ್ಡ ಮಲಗಿಸಿದ ಏಣಿಯೊಂದನ್ನು ಊಹಿಸಿಕೊಳ್ಳಿ. ಕೆಳಗಿನ ಗಳು ತಣ್ಣೀರಿನದು, ಮೇಲಿನ ಗಳು ಬಿಸಿನೀರಿನದು, ಎರಡನ್ನೂ ಸೇರಿಸುವ ಒಂದೇ ಮೆಟ್ಟಿಲು ಬೈಪಾಸಿನದು. ಮೂರಕ್ಕೂ ಒಂದೊಂದು ವಾಲ್ವು. ಬೇಸಗೆಯಲ್ಲಿ ಗಳುಗಳೆರಡೂ ತೆರೆದು, ಮೆಟ್ಟಿಲು ಮುಚ್ಚಿರಬೇಕು. ಚಳಿಗಾಲಕ್ಕೆ ಗಳುಗಳೆರಡೂ ಮುಚ್ಚಿ, ಮೆಟ್ಟಿಲು ತೆರೆಯಬೇಕು. ಹಿಡಿಕೆ ಕೊಳವೆಯ ಉದ್ದಕ್ಕೆ ಇದ್ದರೆ ತೆರೆದಿದೆ, ಕೊಳವೆಗೆ ಅಡ್ಡವಾಗಿದ್ದರೆ ಮುಚ್ಚಿದೆ. ಕಾಲು ಸುತ್ತಿನಷ್ಟೇ ತಿರುಗುವುದು. ಎಲ್ಲ ಗಾಡಿಗಳಲ್ಲಿಯೂ ಮೂರೇ ಇರುವುದಿಲ್ಲ. ಕೆಲವಲ್ಲಿ ಎರಡು ವಾಲ್ವು. ಪ್ರತಿಯೊಂದಕ್ಕೂ ಮೂರು ಬಾಯಿ, ಹಂಡೆಯ ಕಡೆಗೋ ಅಡ್ಡದಾರಿಯ ಕಡೆಗೋ ನೀರನ್ನು ತಿರುಗಿಸುತ್ತದೆ. ಇನ್ನು ಕೆಲವಲ್ಲಿ ತಣ್ಣೀರಿನ ಕಡೆ ಒಂದೇ ವಾಲ್ವು, ಬಿಸಿನೀರಿನ ಕಡೆ ಹಿಮ್ಮುಖವಾಗಿ ನೀರು ಹರಿಯದಂತೆ ತಾನಾಗಿ ಮುಚ್ಚಿಕೊಳ್ಳುವ ತಡೆಬಿಲ್ಲೆ. ಒಂದೇ ವಾಲ್ವು ಕಂಡಿತೆಂದು ಉಳಿದೆರಡು ಎಲ್ಲಿ ಹೋದವೆಂದು ಗಾಡಿಯನ್ನೆಲ್ಲ ಬಿಚ್ಚಬಾರದೆಂದು ಇದನ್ನು ಹೇಳಿದೆ.

ಪ್ಲಾಸ್ಟಿಕ್ ವಾಲ್ವು ವರ್ಷಗಟ್ಟಲೆ ತಿರುಗದೆ ಇದ್ದರೆ ಬಿಗಿಯಾಗಿರುತ್ತದೆ. ಇಕ್ಕುಳ ಹಾಕಿ ತಿರುವಿದರೆ ಹಿಡಿಕೆ ಮುರಿಯುತ್ತದೆ, ಇಲ್ಲವೆ ಕೊಳವೆಯೇ ಹಂಡೆಯ ಬುಡದಲ್ಲಿ ತಿರುಚಿಕೊಂಡು ಸೋರತೊಡಗುತ್ತದೆ. ಒಂದು ಕೈಯಲ್ಲಿ ವಾಲ್ವಿನ ಮೈಯನ್ನು ಹಿಡಿದು ಇನ್ನೊಂದರಲ್ಲಿ ಹಿಡಿಕೆಯನ್ನು ಸ್ವಲ್ಪ ಆ ಕಡೆ ಸ್ವಲ್ಪ ಈ ಕಡೆ ಅಲ್ಲಾಡಿಸಿ ಸಡಿಲಿಸಬೇಕು. ಸಂದಿಯಲ್ಲಿ ಎರಡು ಕೈ ಹಿಡಿಸುವುದಿಲ್ಲವಾದರೆ ಹಲಗೆಯ ರಂಧ್ರವನ್ನು ದೊಡ್ಡದು ಮಾಡುವುದೇ ಸರಿ.

ಅನಂತರದ ಕೆಲಸ ಬೇಗ ಮುಗಿಯುವಂಥದು. ಹೊರಗಿನ ಬಿರಡೆಯನ್ನು ಬಿಚ್ಚಿ ಹಂಡೆಯನ್ನು ಬಸಿಯುವುದು. ಸಬರ್ಬನ್ ಎಂಬ ಹೆಸರಿನ ಹಂಡೆಗಳ ಒಳಮೈ ಗಾಜಿನ ಲೇಪವಿರುವ ಉಕ್ಕಿನದು. ಅವುಗಳ ಬಿರಡೆಗೆ ಉದ್ದನೆಯ ಲೋಹದ ಕಡ್ಡಿಯೊಂದು ಅಂಟಿಕೊಂಡಿರುತ್ತದೆ. ಹಂಡೆಗೆ ಹಿಡಿಯಬೇಕಾದ ತುಕ್ಕನ್ನು ತಾನು ತಿಂದು ಸವೆಯುವುದೇ ಆ ಕಡ್ಡಿಯ ಬಾಳು. ಮುಕ್ಕಾಲು ಭಾಗ ಸವೆದಿದ್ದರೆ ಹೊಸದನ್ನು ಹಾಕಬೇಕು. ಅದನ್ನು ಬಿಚ್ಚಲು 1 1/16 ಅಂಗುಲದ ಪಾನ ಬೇಕು. ಅಟ್‌ವುಡ್ ಎಂಬ ಹೆಸರಿನಲ್ಲಿ ಮಾರಾಟವಾದವುಗಳ ಹಂಡೆ ಅಲ್ಯೂಮಿನಿಯಮ್ಮಿನದು. ಕಡ್ಡಿ ಇಲ್ಲ, ಪ್ಲಾಸ್ಟಿಕ್ ಬಿರಡೆ ಮಾತ್ರ. ಕುಡಿಯುವ ನೀರಿನ ತೊಟ್ಟಿಯನ್ನೂ ಕೊಳವೆಗಳ ತಗ್ಗಿನಲ್ಲಿರುವ ಎರಡು ಸಣ್ಣ ಬಾಯಿಗಳನ್ನೂ ತೆರೆದು ಬಸಿದು ಮುಚ್ಚಿ, ಪಂಪಿನ ಹೀರುವ ಕೊಳವೆಯನ್ನು ದ್ರವದ ಡಬ್ಬಿಯಲ್ಲಿಟ್ಟು ಪಂಪನ್ನು ನಡೆಸಿ, ದೂರದ ನಲ್ಲಿಯೋ ಹತ್ತಿರದ ನಲ್ಲಿಯೋ ಒಂದೊಂದಾಗಿ, ತಣ್ಣೀರು ಬಿಸಿನೀರು ಎರಡರಲ್ಲಿಯೂ ಗುಲಾಬಿ ಬಣ್ಣ ಬರುವವರೆಗೆ ತೆರೆಯುತ್ತ ಹೋಗಬೇಕು. ಹೊರಗೋಡೆಯಲ್ಲಿ ಕಾಲು ತೊಳೆಯುವ ನಲ್ಲಿ ಇದ್ದರೆ ಅದನ್ನು ಮರೆಯುವವರೇ ಹೆಚ್ಚು. ಪಾಯಿಖಾನೆಗೂ ಬಿಡಬೇಕು, ತೊಟ್ಟಿಗಳ ಕೆಳಗಿನ ಬಾಗುಕೊಳವೆಗಳಿಗೆ ಒಂದೊಂದು ಬಟ್ಟಲು ಸುರಿಯಬೇಕು.

ವಾಲ್ವುಗಳು ಸರಿಯಾಗಿ ತಿರುಗಿವೆಯೇ ಎಂಬುದನ್ನು ಕಣ್ಣಿನಿಂದ ನೋಡಲಾಗದಿದ್ದರೂ ಪರೀಕ್ಷಿಸುವ ಒಂದು ಉಪಾಯವುಂಟು. ಪಂಪು ನಡೆಯುವಾಗ ಹಂಡೆಯ ಬಿರಡೆಯನ್ನು ಹಾಕದೆ ತೆರೆದೇ ಬಿಟ್ಟು ಒಬ್ಬರು ಹೊರಗೆ ನಿಂತಿರಬೇಕು. ಆ ತೂತಿನಿಂದ ಗುಲಾಬಿ ದ್ರವ ಹರಿದರೆ ಗಳುಗಳಲ್ಲಿ ಒಂದು ಪೂರ್ತಿ ಮುಚ್ಚಿಲ್ಲ, ಇಲ್ಲವೆ ತಡೆಬಿಲ್ಲೆ ಕೆಟ್ಟಿದೆ. ಹೊರಗೆ ಏನೂ ಬರದೆ, ಬಿಸಿನೀರಿನ ನಲ್ಲಿಯಲ್ಲಿಯೂ ಏನೂ ಬರದಿದ್ದರೆ ಮೆಟ್ಟಿಲು ಮುಚ್ಚಿಕೊಂಡಿದೆ. ಬಿಸಿನೀರಿನ ನಲ್ಲಿಯಲ್ಲಿ ಬಣ್ಣ ಬಂದು ಹೊರಗಿನ ತೂತು ಒಣಗಿದ್ದರೆ ಎಲ್ಲವೂ ಸರಿ. ಹಿಂದಿನ ವರ್ಷ ಬಿರಡೆಯನ್ನು ಅವಸರದಿಂದ ಬಿಗಿಯದೆ ಇದ್ದಿದ್ದರೆ ಅಳಿಯನಿಗೆ ತಪ್ಪು ಐದು ನಿಮಿಷದಲ್ಲಿ ತಿಳಿದುಹೋಗುತ್ತಿತ್ತು. ಈ ಸಲ ನಾನು ಕಂಬಳಿ ಹೊದ್ದು, ಟಾರ್ಚು ಹಿಡಿದು ಆ ತೂತಿನ ಮುಂದೆ ನಿಂತಿದ್ದೆ. ಮೊದಲು ಗುಲಾಬಿ ಹನಿಗಳು ಬಿದ್ದವು. ಒಳಕ್ಕೆ ಕೂಗಿ ಹೇಳಿದೆ, ಮಗಳು ಮತ್ತೆ ಕೈ ತೂರಿಸಿ ಮೇಲಿನ ಹಿಡಿಕೆಯನ್ನು ಇನ್ನಷ್ಟು ಒತ್ತಿದಳು, ಹನಿ ನಿಂತಿತು. ಒಳಗೆ ಬಿಸಿನೀರಿನ ನಲ್ಲಿಯಲ್ಲಿ ಬಣ್ಣ ಬಂದಿತೆಂದು ಮೊಮ್ಮಗ ಕೂಗಿದ.

ಇನ್ನೊಂದು ಸೂಕ್ಷ್ಮವಿದೆ. ಈ ತರದ ವಾಲ್ವಿನೊಳಗೆ ತೂತುಳ್ಳ ಒಂದು ಗುಂಡು ಇರುತ್ತದೆ. ಮುಚ್ಚಿದಾಗ ಗುಂಡಿನ ತೂತಿನಲ್ಲಿ ಒಂದು ಗುಟುಕು ನೀರು ಸಿಕ್ಕಿಕೊಂಡಿರುತ್ತದೆ. ಅದೇ ಹೆಪ್ಪುಗಟ್ಟಿ ವಾಲ್ವನ್ನು ಸೀಳಬಲ್ಲದು. ಹಂಡೆ ಬಸಿದು ಖಾಲಿಯಾದ ಮೇಲೆ, ಪಂಪು ನಡೆಸುವ ಮೊದಲು, ಮುಚ್ಚಿದ ಹಿಡಿಕೆಗಳನ್ನು ಒಮ್ಮೆ ತೆರೆದು ಮತ್ತೆ ಮುಚ್ಚಿದರೆ ಆ ನೀರು ಇಳಿದುಹೋಗುತ್ತದೆ.

ಮಾರನೆಯ ವಾರ ಅಳಿಯ ಆ ಹಲಗೆಯಲ್ಲಿ ಅಂಗೈ ಎರಡು ಹಿಡಿಸುವಷ್ಟು ಕಿಂಡಿ ಕೊಯ್ದು ಅದಕ್ಕೆ ಕೀಲಿನ ಬಾಗಿಲು ಮಾಡಿದ. ಕೊಯ್ಯುವ ಮುನ್ನ ಹಿಂದೆ ತಂತಿಯಾಗಲಿ ಕೊಳವೆಯಾಗಲಿ ಇಲ್ಲವೆಂದು ನೋಡಿಕೊಂಡು, ಗರಗಸದ ಅಲಗನ್ನು ಹಲಗೆಯ ದಪ್ಪಕ್ಕಿಂತ ಹೆಚ್ಚು ಚಾಚದಂತೆ ಇಟ್ಟುಕೊಂಡ. ಹಿಡಿಕೆಗಳಿಗೆ ಒಂದು, ಎರಡು, ಮೂರು ಎಂದು ಬಿಳಿಯ ಪಟ್ಟಿ ಅಂಟಿಸಿ, ಬೇಸಗೆಯ ನೆಲೆ ಯಾವುದು, ಚಳಿಗಾಲದ ನೆಲೆ ಯಾವುದು ಎಂದು ಬಾಗಿಲಿನ ಒಳಮೈಯಲ್ಲಿ ಚಿತ್ರ ಬರೆದಿಟ್ಟ. ಹಂಡೆಯ ಸ್ವಿಚ್ಚಿನ ಮೇಲೆ ಕೆಂಪು ಪಟ್ಟಿ ಅಂಟಿಸಿದ. ಅದಕ್ಕೆ ಕಾರಣವುಂಟು: ಹಂಡೆ ಖಾಲಿಯಿರುವಾಗ ವಿದ್ಯುತ್ ಸುರುಳಿಯನ್ನು ಹಾಕಿದರೆ ಅದು ಬಹಳ ಬೇಗ ಸುಟ್ಟುಹೋಗುತ್ತದೆ.

ವಸಂತದಲ್ಲಿ ಎಲ್ಲವನ್ನೂ ಹಿಂದುಮುಂದಾಗಿ ಮಾಡಬೇಕು. ಕೊಳವೆಗಳಲ್ಲಿ ನೀರು ಬಿಟ್ಟು ಬಣ್ಣವೂ ನೊರೆಯೂ ಹೋಗುವವರೆಗೆ ತೊಳೆಯುವುದು, ಬಿರಡೆಯನ್ನು ಬಿಗಿಯುವುದು, ಅನಂತರ ವಾಲ್ವುಗಳನ್ನು ಬೇಸಗೆಯ ನೆಲೆಗೆ ತಿರುಗಿಸಿ, ಬಿಸಿನೀರಿನ ನಲ್ಲಿಯಲ್ಲಿ ಬುಸುಗುಟ್ಟುವುದು ನಿಂತು ಸಮನಾದ ಧಾರೆ ಬಂದ ಮೇಲೆಯೇ ಹಂಡೆಗೆ ಬಿಸಿ ಕೊಡುವುದು. ಹೊಸ ಗಾಡಿ ಕೊಂಡವರು ಹಂಡೆ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವುದರಲ್ಲಿ ಅನೇಕ ಸಲ ಕೆಟ್ಟಿರುವುದು ಹಂಡೆಯಲ್ಲ. ಮೆಟ್ಟಿಲಿನ ವಾಲ್ವು ಅರ್ಧ ತೆರೆದು ನಿಂತಿರುತ್ತದೆ. ಆಗ ಬಿಸಿನೀರಿಗೆ ಪಕ್ಕದಿಂದ ತಣ್ಣೀರು ಬೆರೆಯುತ್ತಲೇ ಇದ್ದು, ಎಷ್ಟು ಹೊತ್ತು ಕಾಯಿಸಿದರೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೇ ಬರುತ್ತದೆ. ಹಂಡೆಯ ಮೈ ಬಿಸಿಯಾಗಿದ್ದು ನಲ್ಲಿಯ ನೀರು ಬೆಚ್ಚಗಿದ್ದರೆ ಮೊದಲು ಈ ಕಿಂಡಿಯನ್ನು ತೆರೆದು ನೋಡಬೇಕು.

ನಾನು ಏಪ್ರಿಲಿನಲ್ಲಿ ಊರಿಗೆ ಹಿಂತಿರುಗಿದೆ. ಮೇ ತಿಂಗಳಲ್ಲಿ ಒಂದು ಭಾನುವಾರ ಮಗಳು ಟೆಲಿಫೋನು ಮಾಡಿ, ವಾಲ್ವುಗಳ ಕೆಳಗೆ ಹಾಸಿದ್ದ ಕಾಗದ ನೀರು ಬಿಟ್ಟು ಎರಡು ದಿನವಾದರೂ ಒಣಗಿಯೇ ಇದೆ, ಶುಕ್ರವಾರ ಸರೋವರದ ಕಡೆಗೆ ಹೊರಡುತ್ತೇವೆ ಎಂದಳು.